ಕೋರೆಹಲ್ಲಿನ ಗೊಂಬೆ

ನಮ್ಮ ಚಿಕ್ಕಮ್ಮನಿಗೆ ಐವತ್ತೆರಡು ವರ್ಷ. ಹಗಲೆಲ್ಲ ನಕಲಿ ಹಲ್ಲು ಮಾಡುತ್ತಾಳೆ, ಸಂಜೆ ಮನೆಗೆ ಬಂದು ಅಸಲಿ ಗೊಂಬೆಗಳ ಧೂಳು ಒರೆಸುತ್ತಾಳೆ. ಇಷ್ಟು ಹೇಳಿದರೆ ಅವಳ ಬಗ್ಗೆ ಹೇಳಬೇಕಾದದ್ದೆಲ್ಲ ಮುಗಿಯಿತು ಎಂದು ನಮ್ಮ ನೆಂಟರು ತಿಳಿದಿದ್ದಾರೆ. ನೆಂಟರಿಗೆ ತಿಳಿಯದ ವಿಷಯ ಯಾವುದಿದೆ, ಬಿಡಿ.

ಅವಳು ಕೆಲಸ ಮಾಡುವುದು ಒಂದು ಹಲ್ಲಿನ ಆಸ್ಪತ್ರೆಯ ಹಿಂಭಾಗದಲ್ಲಿ, ಮೆಟ್ಟಿಲ ಕೆಳಗಿನ ಉದ್ದನೆಯ ಕೋಣೆಯಲ್ಲಿ. ಮುಂದುಗಡೆ ಡಾಕ್ಟರು, ಮೀನಿನ ತೊಟ್ಟಿ, ಮೆತ್ತನೆಯ ಕುರ್ಚಿಗಳು. ಹಿಂದುಗಡೆ ಚಿಕ್ಕಮ್ಮ, ಪ್ಲಾಸ್ಟರ್ ಪುಡಿ, ಸಾಲಾಗಿ ಬಾಯಿ ತೆರೆದು ಕೂತಿರುವ ಜನರ ದವಡೆಯ ಅಚ್ಚುಗಳು. ಅಚ್ಚಿನ ಮೇಲೆ ಮೇಣ ಇಟ್ಟು, ಹಲ್ಲು ಕೂರಿಸಿ, ಬೇಯಿಸಿ, ಉಜ್ಜಿ, ಹೊಳಪು ಕೊಡುವವಳು ಇವಳು. ಹಲ್ಲು ಕಟ್ಟಿಸಿಕೊಂಡವರು ಕನ್ನಡಿಯಲ್ಲಿ ಒಮ್ಮೆ ನಕ್ಕು, ಡಾಕ್ಟರ ಕೈಕುಲುಕಿ, ಮೀನಿಗೂ ಒಂದು ನಗು ಕೊಟ್ಟು ಹೋಗುತ್ತಾರೆ. ಇಪ್ಪತ್ತೇಳು ವರ್ಷದಲ್ಲಿ ಒಬ್ಬರಾದರೂ ಆ ಮೆಟ್ಟಿಲ ಕೆಳಗೆ ಇಣುಕಿ ನೋಡಿಲ್ಲ. ಇದು ಅವಳಿಗೆ ನೋವಿನ ವಿಷಯ. ಅವಳು ಹೇಳುವುದಿಲ್ಲ, ನಾನು ಹೇಳುತ್ತಿದ್ದೇನೆ.

ಗೊಂಬೆಯ ಹುಚ್ಚು ಹತ್ತಿದ್ದೂ ಅಲ್ಲೇ. ಹಲ್ಲಿನ ಅಚ್ಚನ್ನು ಬಿಸಿನೀರಿಗೆ ಇಟ್ಟರೆ ಅದು ಬೇಯುವವರೆಗೆ ಕಾಯಬೇಕು. ಕಾಯುವಾಗ ಫೋನಿನಲ್ಲಿ ಅನಿಮೆ, ಅಂದರೆ ಜಪಾನಿನ ಕಾರ್ಟೂನು, ನೋಡತೊಡಗಿದಳು. ಅದರಲ್ಲೊಬ್ಬ ಸಿಡುಕಿ ಹುಡುಗಿ, ಹೊಳೆ ದಾಟಿಸುವ ದೋಣಿಯವಳು. ಬೈಯಲು ಬಾಯಿ ತೆರೆದರೆ ಎಡಗಡೆ ಮೇಲಿನ ಕೋರೆಹಲ್ಲು ಚೂರೇ ಚೂರು ಹೊರಗೆ ಇಣುಕುತ್ತದೆ. ಚಿಕ್ಕಮ್ಮ ಕುರ್ಚಿಯಿಂದ ಎದ್ದು ನಿಂತಳಂತೆ.

“ಇದನ್ನ ಬರೆದವನು ಬಾಯಿ ಅಂದ್ರೇನು ಅಂತ ಸರಿಯಾಗಿ ನೋಡಿದ್ದಾನೆ ಕಣೇ,” ಎಂದು ನನಗೆ ಹೇಳಿದಳು. “ಎಲ್ಲಾ ಹಲ್ಲೂ ನೆಟ್ಟಗಿದ್ರೆ ಅದು ಕಟ್ಟಿಸಿದ್ದು ಅಂತ ಕುರುಡನಿಗೂ ಗೊತ್ತಾಗುತ್ತೆ. ಒಂದಾದ್ರೂ ಸೊಟ್ಟ ಇರ್ಬೇಕು. ಆಗ್ಲೇ ಅಸಲಿ ಅನ್ಸೋದು.”

ಅಲ್ಲಿಂದ ಶುರು. ಅನಿಮೆಯ ಪಾತ್ರಗಳ ಗೊಂಬೆ ಮಾರುವ ಜಪಾನಿನ ಆನ್‌ಲೈನ್ ಅಂಗಡಿಗಳು, ಮುಂಗಡ ಬುಕಿಂಗು, ತಿಂಗಳುಗಟ್ಟಲೆ ಕಾಯುವುದು. ಗೊಂಬೆ ಬರುವುದು ಒಂದು ವಾರ ತಡವಾದರೂ ಆ ಅಂಗಡಿಯವರು ಎಷ್ಟು ಬಗ್ಗಿ ಕ್ಷಮೆ ಕೇಳಿ ಬರೆಯುತ್ತಾರೆಂದರೆ, ಓದಿದ ನಮಗೇ ಏನೋ ಪಾಪ ಮಾಡಿದ ಹಾಗೆ ಅನಿಸುತ್ತದೆ. ಪಾರ್ಸೆಲ್ ಬಂದ ದಿನ ಚಿಕ್ಕಮ್ಮ ಕೈ ತೊಳೆದು, ಮಹಡಿಯ ತನ್ನ ಕೋಣೆಯ ಬಾಗಿಲು ಹಾಕಿ, ಹಲ್ಲು ಉಜ್ಜುವ ಮೆತ್ತನೆಯ ಬ್ರಷ್ಷು ಹಿಡಿದು ಕೂರುತ್ತಿದ್ದಳು. ಪೆಟ್ಟಿಗೆಯ ಅಕ್ಷರಗಳ ಅಂಚು ನೋಡುವಳು. ಕಂಪನಿಯ ಮಿನುಗುವ ಚೀಟಿಯನ್ನು ಬೆಳಕಿಗೆ ತಿರುಗಿಸುವಳು. ಕೂದಲಿನ ಎರಡು ತುಂಡು ಸೇರುವ ಗೆರೆಯನ್ನು ಉಗುರಿನಿಂದ ಮುಟ್ಟುವಳು. ಕೊನೆಗೆ ಮೂಸುವಳು. ನಕಲಿ ಗೊಂಬೆಗೆ ಹೊಸದಾಗಿ ಬಣ್ಣ ಬಳಿದ ಗೇಟಿನ ವಾಸನೆ ಇರುತ್ತದಂತೆ.

ಈ ಮೂಗು, ಈ ಉಗುರು, ಈ ಕಣ್ಣು ಅವಳಿಗೆ ಹೆಸರು ತಂದುಕೊಟ್ಟವು. ಊರಿನಲ್ಲಿ ಗೊಂಬೆ ಕೂಡಿಡುವ, ಅವಳನ್ನೂ ಸೇರಿಸಿ ಎಂಟು ಜನರ ಗುಂಪೊಂದಿದೆ. ಬ್ಯಾಂಕಿನವರು, ಒಬ್ಬ ಬಸ್ ಕಂಡಕ್ಟರ್, ಇಬ್ಬರು ಕಾಲೇಜು ಹುಡುಗಿಯರು, ಒಬ್ಬರು ಕನ್ನಡಕದಂಗಡಿಯವರು. ಯಾರೇ ಯಾವುದೇ ಅಂಗಡಿಯಲ್ಲಿ ಗೊಂಬೆ ಕೊಳ್ಳುವ ಮೊದಲು ಚಿಕ್ಕಮ್ಮನಿಗೆ ಫೋಟೋ ಕಳಿಸುತ್ತಾರೆ. ಅವಳ ಉತ್ತರ ಒಂದೇ ಪದ: ಅಸಲಿ, ಇಲ್ಲವೇ ನಕಲಿ. ಅದರ ಮೇಲೆ ಅಪೀಲಿಲ್ಲ. ಎಲ್ಲರೂ ಅವಳನ್ನು ಕರೆಯುವುದು ‘ಅಸಲಿ ಅಕ್ಕ’ ಎಂದೇ. ಮೆಟ್ಟಿಲ ಕೆಳಗೆ ಯಾರೂ ಅಲ್ಲದವಳು ಈ ಎಂಟು ಜನರ ನಡುವೆ ಹೈಕೋರ್ಟು. ಗುಂಪಿಗೆ ಇರುವ ನಿಯಮವೂ ಒಂದೇ: ನಕಲಿಯೆಂದು ಗೊತ್ತಿದ್ದೂ ಕಪಾಟಿನಲ್ಲಿ ಇಟ್ಟುಕೊಂಡವರ ಮಾತಿಗೆ ಆಮೇಲೆ ಬೆಲೆಯಿಲ್ಲ. ಆ ನಿಯಮ ಮಾಡಿದ್ದೂ ಚಿಕ್ಕಮ್ಮನೇ.

ಇನ್ನು ನಮ್ಮಪ್ಪ. ಡ್ರೈವಿಂಗ್ ಸ್ಕೂಲಿನ ಮಾಸ್ತರು. ನಾದಿನಿಯ ಗೊಂಬೆಗಳನ್ನು ಆಡಿಕೊಳ್ಳದೆ ಅವರಿಗೆ ಬೆಳಗಿನ ಟೀ ಒಳಗೆ ಇಳಿಯುತ್ತಿರಲಿಲ್ಲ. “ಏನಮ್ಮಾ, ಮಕ್ಕಳೆಲ್ಲ ಊಟ ಮಾಡಿದ್ರಾ?” ಎಂದು ಮಹಡಿ ನೋಡಿ ಕೂಗುತ್ತಿದ್ದರು. ಕೂಗಿ ಹಲ್ಲು ಬಿಡುತ್ತಿದ್ದರು. ಎಂಥ ಹಲ್ಲು! ಅರವತ್ತು ದಾಟಿದವರಿಗೆ ಅಂಥ ಮೇಲ್ಸಾಲು ಇರುವುದು ಹೇಗೆ ಎಂದು ಕೇಳಿದವರಿಗೆಲ್ಲ, ದಿನಾ ತಣ್ಣೀರಲ್ಲಿ ಬಾಯಿ ಮುಕ್ಕಳಿಸಿ ಎಂದು ಉಪದೇಶ ಮಾಡುತ್ತಿದ್ದರು.

ತಣ್ಣೀರೂ ಇಲ್ಲ, ಬಿಸಿನೀರೂ ಇಲ್ಲ. ಆ ಮೇಲ್ಸಾಲು ಪೂರ್ತಿ ಚಿಕ್ಕಮ್ಮ ಮಾಡಿದ್ದು. ಹನ್ನೆರಡು ವರ್ಷದ ಹಿಂದೆ, ಗಾಡಿ ಕಲಿಯಲು ಬಂದವಳೊಬ್ಬಳು ಅಪ್ಪ ‘ಬ್ರೇಕ್’ ಎಂದದ್ದನ್ನು ಸ್ವಲ್ಪ ಹೆಚ್ಚೇ ಮನಸ್ಸಿಗೆ ತೆಗೆದುಕೊಂಡಳು. ಅಪ್ಪನ ಮುಖ ಮುಂದಿನ ಹಲಗೆಗೆ ಹೋಗಿ ಬಡಿಯಿತು. ಮೊದಲ ದಿನದಿಂದಲೂ ಎಲ್ಲರಿಗೂ ‘ಬೆಲ್ಟು, ಬೆಲ್ಟು’ ಎಂದು ತಲೆ ತಿನ್ನುವ ಮಾಸ್ತರು ಆ ದಿನ ತಾವೇ ಬೆಲ್ಟು ಹಾಕಿರಲಿಲ್ಲ. ಹೊರಗೆ ಗೊತ್ತಾದರೆ ಮಾನ ಮೂರು ಕಾಸಿಗೆ ಹರಾಜು. ಚಿಕ್ಕಮ್ಮ ಆಸ್ಪತ್ರೆಯ ಪುಸ್ತಕದಲ್ಲಿ ಬರೆಸದೆ, ಡಾಕ್ಟರಿಗೆ ಮಾತ್ರ ಹೇಳಿ, ಮೂರೇ ದಿನದಲ್ಲಿ ಹಲ್ಲು ಕಟ್ಟಿಕೊಟ್ಟಳು. ಎಡಗಡೆಯ ಒಂದು ಹಲ್ಲನ್ನು ಬೇಕೆಂದೇ ಒಂದು ಎಳೆಯಷ್ಟು ಸೊಟ್ಟ ಇಟ್ಟಳು. ಬಣ್ಣದ ಪಟ್ಟಿಯಲ್ಲಿ ‘ಎ ಮೂರು’, ಸ್ವಲ್ಪ ಹಳದಿ, ಟೀ ಕುಡಿಯುವವರ ಬಣ್ಣ. ಮನೆಯ ನಾಲ್ವರು ಮತ್ತು ಆ ಡಾಕ್ಟರನ್ನು ಬಿಟ್ಟರೆ ಇದು ಯಾರಿಗೂ ಗೊತ್ತಿಲ್ಲ. ನಾನು ಪೂರ್ತಿ ಲೆಕ್ಕಕ್ಕಿಲ್ಲ, ಕಿಟಕಿಯಿಂದ ನೋಡಿ ತಿಳಿದವಳು.

ಹೋದ ವರ್ಷ ದೋಣಿಯ ಹುಡುಗಿಯ ಮೊದಲ ಗೊಂಬೆಯನ್ನು ಕಂಪನಿ ಮತ್ತೆ ಮಾಡುತ್ತದೆ ಎಂದು ಸುದ್ದಿ ಬಂತು. ಚಿಕ್ಕಮ್ಮ ಮೊದಲ ದಿನವೇ ಬುಕ್ ಮಾಡಿ ಹನ್ನೊಂದು ತಿಂಗಳು ಕಾದಳು. ಹನ್ನೆರಡನೆಯ ತಿಂಗಳು ಅಂಗಡಿಯಿಂದ ಕ್ಷಮೆಯ ಪತ್ರ ಬಂತು. ಮಾಲು ಸಾಲದೆ ಆರ್ಡರು ರದ್ದಾಗಿತ್ತು. ಈ ಸಲ ಅವರು ಎಷ್ಟು ಬಗ್ಗಿದರೂ ಪ್ರಯೋಜನವಿರಲಿಲ್ಲ. ಚಿಕ್ಕಮ್ಮ ಎರಡು ದಿನ ಗೊಂಬೆಗಳ ಧೂಳು ಒರೆಸಲಿಲ್ಲ. ಮೂರನೆಯ ದಿನ ಅಪ್ಪ ಮಹಡಿ ನೋಡಿ ಕೂಗಿದರೆ, ಬಾಗಿಲಿನ ಚಿಲಕ ಬಿದ್ದ ಸದ್ದು ಮಾತ್ರ ಕೇಳಿತು.

ಅಪ್ಪ ಟೀ ಲೋಟ ಕೆಳಗಿಟ್ಟರು. “ಅಳ್ತಿದ್ದಾಳೇನೇ?” ಎಂದು ಅಮ್ಮನನ್ನು ಕೇಳಿದರು.

“ಅಷ್ಟು ವರ್ಷ ಆಡ್ಕೊಂಡ್ರಲ್ಲ, ಈಗ್ಯಾಕೆ ವಿಚಾರ?” ಎಂದಳು ಅಮ್ಮ.

ಆರು ವಾರದ ನಂತರ ಅಪ್ಪ ಒಂದು ಪಾರ್ಸೆಲನ್ನು ಎರಡೂ ಕೈಯಲ್ಲಿ ಹಿಡಿದು, ಚಪ್ಪಲಿ ಸಮೇತ ಮಹಡಿ ಹತ್ತಿದರು. ಒಳಗೆ ದೋಣಿಯ ಹುಡುಗಿ. ತಾವೇ ಫೋನಿನಲ್ಲಿ ಹುಡುಕಿ, ತಾವೇ ಆರ್ಡರು ಮಾಡಿದ್ದರಂತೆ. ಆ ಅಂಗಡಿಯ ಹೆಸರಿನಲ್ಲೇ ‘ಒರಿಜಿನಲ್’ ಎನ್ನುವುದು ಎರಡು ಸಲ ಇತ್ತು. ನನಗೆ ಅಲ್ಲೇ ಅನುಮಾನ ಬಂತು. ಪೆಟ್ಟಿಗೆಯ ಮೇಲಿನ ಹುಡುಗಿಯ ಮುಖ ಕಾಮಾಲೆ ಹಿಡಿದ ಹಾಗಿತ್ತು. ತೆರೆದರೆ ಕೋಣೆಯ ತುಂಬ ಗೇಟಿನ ವಾಸನೆ. ಬಾಯಿ ತೆರೆದಿದ್ದಾಳೆ, ಸರಿ. ಕೋರೆಹಲ್ಲಿನ ಜಾಗದಲ್ಲಿ ಮಾತ್ರ ಸುಣ್ಣದ ತೊಟ್ಟು, ಅದೂ ಬಲಗಡೆ.

“ಅಸಲಿ ತಾನೇ?” ಎಂದರು ಅಪ್ಪ. ಆ ಹನ್ನೆರಡು ವರ್ಷದ ಹಲ್ಲನ್ನೆಲ್ಲ ಬಿಟ್ಟುಕೊಂಡು ನಿಂತಿದ್ದರು.

ಚಿಕ್ಕಮ್ಮ ಗೊಂಬೆ ನೋಡಿದಳು, ಅಪ್ಪನ ಮುಖ ನೋಡಿದಳು. “ಅಸಲಿ, ಭಾವ,” ಎಂದಳು. ಗೊಂಬೆಯ ವಿಷಯದಲ್ಲಿ ಅವಳ ಬಾಯಲ್ಲಿ ಬಂದ ಮೊದಲ ಸುಳ್ಳು ಅದು.

ಒಂದು ಸುಳ್ಳಿಗೆ ಇಷ್ಟು ಶಿಕ್ಷೆ ಇದೆಯೆಂದು ಗೊತ್ತಿದ್ದರೆ ಅವಳು ಹೇಳುತ್ತಿರಲಿಲ್ಲವೇನೋ. ಅಪ್ಪನಿಗೆ ರುಚಿ ಹತ್ತಿತು. ಅದೇ ಅಂಗಡಿಯಿಂದ ಇನ್ನೂ ಮೂರು ಗೊಂಬೆ ಬಂದವು. ಒಂದಕ್ಕೆ ಎರಡೂ ಕೈ ಎಡಗೈ. ಇನ್ನೊಂದು ಪೀಠದ ಮೇಲೆ ನಿಲ್ಲದೆ, ಕುಡಿದು ಬಂದವರ ಹಾಗೆ ಗೋಡೆಗೆ ಒರಗುತ್ತಿತ್ತು. ನಾಲ್ಕನ್ನೂ ಕಪಾಟಿನ ನಟ್ಟನಡುವೆ ಇಡಬೇಕೆಂದು ಅಪ್ಪನ ಹಟ. ಸಾಲದೆಂದು ವಿಡಿಯೋ ನೋಡಿ, ಅಸಲಿ ಗುರುತಿಸುವುದು ಹೇಗೆಂದು ಚಿಕ್ಕಮ್ಮನಿಗೇ ಪಾಠ ಬೇರೆ. “ಜಾಯಿಂಟ್ ನೋಡ್ಬೇಕಮ್ಮಾ, ಜಾಯಿಂಟು!” ಎಂದು ಒರಗಿದ್ದ ಗೊಂಬೆಯ ಸೊಂಟ ತೋರಿಸುತ್ತಿದ್ದರು. ಚಿಕ್ಕಮ್ಮ ಹಲ್ಲು ಕಚ್ಚಿ “ಹೂಂ ಭಾವ” ಎನ್ನುತ್ತಿದ್ದಳು.

ಎಲ್ಲ ಸಹಿಸಿದವಳಿಗೆ ಆ ಬಲಗಡೆಯ ಸುಣ್ಣದ ತೊಟ್ಟು ಮಾತ್ರ ಸಹಿಸಲಾಗಲಿಲ್ಲ. ಒಂದು ದಿನ ಗೊಂಬೆಯನ್ನು ಕೈಚೀಲದಲ್ಲಿ ಹಾಕಿಕೊಂಡು ಕೆಲಸಕ್ಕೆ ಹೋದಳು. ತೊಟ್ಟನ್ನು ಕೆರೆದು, ಎಡಗಡೆ ಕೂದಲೆಳೆಯಷ್ಟು ಗುಳಿ ಕೊರೆದು, ಸಾಸಿವೆ ಕಾಳಿಗಿಂತ ಚಿಕ್ಕ ಹಲ್ಲು ಮಾಡಿ ಕೂರಿಸಿ ತಂದಳು.

ಅಷ್ಟರಲ್ಲಿ ಗುಂಪಿನ ವರ್ಷದ ಭೇಟಿ ಬಂತು. ಪ್ರತಿ ವರ್ಷ ಒಬ್ಬೊಬ್ಬರ ಮನೆಯಲ್ಲಿ ಕಪಾಟು ನೋಡಲು ಸೇರುತ್ತಾರೆ. ಈ ಸಲ ನಮ್ಮ ಮನೆಯ ಸರದಿ. ನಾಲ್ಕನ್ನೂ ಆ ದಿನದ ಮಟ್ಟಿಗೆ ಆಸ್ಪತ್ರೆಯ ಮೆಟ್ಟಿಲ ಕೆಳಗಿನ ಕೋಣೆಗೆ ಸಾಗಿಸುವುದೆಂದು ನಾನೂ ಚಿಕ್ಕಮ್ಮನೂ ಮಾತಾಡಿಕೊಂಡಿದ್ದೆವು. ಹಿಂದಿನ ದಿನ ಅಪ್ಪ ಘೋಷಿಸಿದರು: “ನಾಳೆ ಕ್ಲಾಸ್ ರಜೆ. ನಾನೂ ಮೇಲೇ ಕೂತಿರ್ತೀನಿ. ನನ್ನವೂ ನಾಲ್ಕಿವೆಯಲ್ಲ!”

“ಹೇಳಿಬಿಡು ಚಿಕ್ಕಮ್ಮಾ,” ಎಂದೆ. “ಇಲ್ದಿದ್ರೆ ನಾಳೆಯಿಂದ ನಿನ್ನನ್ನ ಯಾರೂ ಏನೂ ಕೇಳಲ್ಲ.”

“ಗೊತ್ತು ಕಣೇ,” ಎಂದಳು. “ಆದ್ರೆ ನಿಮ್ಮಪ್ಪ ನನಗೋಸ್ಕರ ಏನಾದ್ರೂ ಹುಡುಕಿದ್ದು ಇದೇ ಮೊದಲು. ಹೇಗೆ ಹೇಳ್ಲಿ?” ನನಗೆ ಅಪ್ಪನ ಮೇಲೆ ಸಿಟ್ಟು ಬಂತು, ಪ್ರೀತಿಯೂ ಬಂತು. ಇವೆರಡೂ ಒಟ್ಟಿಗೆ ಬಂದರೆ ತಲೆನೋವು ಬರುತ್ತದೆ.

ಮರುದಿನ ಎಂಟು ಜನರಲ್ಲಿ ಉಳಿದ ಏಳೂ ಜನ ಬಂದರು. ಅವರಲ್ಲಿ ಆ ಇಬ್ಬರು ಕಾಲೇಜು ಹುಡುಗಿಯರು ಅಪ್ಪನ ಹತ್ತಿರವೇ ಗಾಡಿ ಕಲಿಯುತ್ತಿದ್ದವರು. ಅಪ್ಪ ಇಸ್ತ್ರಿ ಅಂಗಿ ತೊಟ್ಟು ಕಪಾಟಿನ ಪಕ್ಕ ಕೂತಿದ್ದರು. ಕನ್ನಡಕದಂಗಡಿಯವರು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದು ತುದಿಯಿಂದ ಶುರು ಮಾಡಿದರು. ಚಿಕ್ಕಮ್ಮನ ನಂತರ ಹೈಕೋರ್ಟು ತಾವೇ ಆಗಬೇಕೆಂದು ಅವರಿಗೆ ಬಹಳ ದಿನದಿಂದ ಆಸೆ. ನಟ್ಟನಡುವಿಗೆ ಬಂದಾಗ ನಿಂತರು. ದೋಣಿಯ ಹುಡುಗಿಯನ್ನು ಎತ್ತಿದರು, ಮೂಸಿದರು.

“ಇದು ನಕಲಿ,” ಎಂದರು. ಪಕ್ಕದ ಮೂರನ್ನೂ ನೋಡಿದರು. “ಇವೂ ನಕಲಿ. ಅಸಲಿ ಅಕ್ಕ, ನಿಮ್ಮ ಕಪಾಟಲ್ಲಿ ಇವು ಹೇಗ್ರೀ?”

ಅಪ್ಪನ ನಗು ಹಾಗೇ ನಿಂತಿತು.

ಚಿಕ್ಕಮ್ಮ ಒಂದು ಹೆಜ್ಜೆ ಮುಂದೆ ಬಂದಳು. “ನಾನೇ ತರಿಸಿದ್ದು. ಗೊತ್ತಾಗ್ಲಿಲ್ಲ. ಮೋಸ ಹೋದೆ,” ಎಂದಳು.

ಬಸ್ ಕಂಡಕ್ಟರ್ ತಲೆ ತಗ್ಗಿಸಿದರು. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ವರ್ಷದ ಹೆಸರು ಮೂರು ಮಾತಿನಲ್ಲಿ ಹೋಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಕನ್ನಡಕದಂಗಡಿಯವರು ಗೊಂಬೆಯನ್ನು ಮತ್ತೆ ಕಣ್ಣಿನ ಹತ್ತಿರ ತಂದರು.

“ಒಂದ್ನಿಮಿಷ. ಈ ಕೋರೆಹಲ್ಲು… ಬಣ್ಣ ದರಿದ್ರ, ಪೆಟ್ಟಿಗೆ ದರಿದ್ರ, ಹಲ್ಲು ಮಾತ್ರ ಕಂಪನಿಯದಕ್ಕಿಂತ ಚೆನ್ನಾಗಿದೆ. ಇದನ್ನ ಯಾರೋ ಆಮೇಲೆ ಕೂರಿಸಿದ್ದಾರೆ. ಹಾಗಿದ್ರೆ ನಿಮಗೆ ಗೊತ್ತಿತ್ತು!”

ಅಪ್ಪ ಎದ್ದು ಗೊಂಬೆಯನ್ನು ಕೈಗೆ ತೆಗೆದುಕೊಂಡರು. ಕಿಟಕಿಯ ಬೆಳಕಿಗೆ ಹಿಡಿದು ಆ ಹಲ್ಲನ್ನು ಬಹಳ ಹೊತ್ತು ನೋಡಿದರು. ಸ್ವಲ್ಪ ಹಳದಿ, ಟೀ ಕುಡಿಯುವವರ ಬಣ್ಣ. ದಿನಾ ಬೆಳಗ್ಗೆ ಕನ್ನಡಿಯಲ್ಲಿ ನೋಡುವ ಬಣ್ಣ ಅವರಿಗೆ ಗೊತ್ತಾಗದೆ ಇರುತ್ತದೆಯೇ?

“ಯಾವಾಗ ಗೊತ್ತಾಯ್ತಮ್ಮಾ ನಿನಗೆ?” ಎಂದರು ಮೆಲ್ಲಗೆ.

“ಪೆಟ್ಟಿಗೆ ತೆರೆಯೋ ಮೊದ್ಲೇ, ಭಾವ.”

ಅಪ್ಪ ಗೊಂಬೆಯನ್ನು ಕಪಾಟಿನಲ್ಲಿಟ್ಟರು. ಗೋಡೆಯ ಕಡೆ ತಿರುಗಿ ಮರೆಯೂ ಮಾಡಿಕೊಳ್ಳಲಿಲ್ಲ. ಏಳೂ ಜನರ ಎದುರು, ತಮ್ಮಿಬ್ಬರು ವಿದ್ಯಾರ್ಥಿನಿಯರ ಎದುರು, ಬಾಯಿಗೆ ಕೈಹಾಕಿ ಮೇಲ್ಸಾಲನ್ನು ಹೊರಗೆ ತೆಗೆದು ಅಂಗೈಯಲ್ಲಿಟ್ಟು ಕನ್ನಡಕದಂಗಡಿಯವರ ಮುಂದೆ ಹಿಡಿದರು.

“ಇದು ಅಶಲೀನೋ ನಕಲೀನೋ ನೋಡಿ ಹೇಳ್ರೀ,” ಎಂದರು. ಕೆನ್ನೆ ಗುಳಿಬಿದ್ದು ಹತ್ತು ವರ್ಷ ಹೆಚ್ಚಾದವರ ಹಾಗೆ ಕಾಣುತ್ತಿದ್ದರು. “ಹನ್ನೆರಡು ವರ್ಶ ಹಾಕ್ಕೊಂಡಿದ್ದೀನಿ. ಒಂದು ನರಪಿಳ್ಳೇನೂ ಕಂಡುಹಿಡಿದಿಲ್ಲ. ಮಾಡಿದ್ದು ಇವಳು. ನಾಲ್ಕು ಗೊಂಬೇನೂ ತಂದಿದ್ದು ನಾನು. ನನ್ನ ಮುಖ ಉಳಿಶೋಕೆ ಇವಳು ಶುಳ್ಳು ಹೇಳಿದ್ದು, ಆವತ್ತೂ, ಇವತ್ತೂ. ಇವಳ ಕಣ್ಣಿಗೆ ಗೊತ್ತಾಗ್ಲಿಲ್ಲ ಅಂದ್ರೆ ನಂಬ್ತೀರೇನ್ರೀ ನೀವು?”

ಒಬ್ಬ ಹುಡುಗಿ ಕೇಳಬಾರದ್ದನ್ನು ಕೇಳಿಯೇಬಿಟ್ಟಳು: “ಸಾರ್, ಹಲ್ಲು ಹೋಗಿದ್ದು ಹೇಗೆ?”

“ಬೆಲ್ಟು ಹಾಕಿರ್ಲಿಲ್ಲ,” ಎಂದರು ಅಪ್ಪ.

ಮೊದಲು ನಕ್ಕವಳು ಚಿಕ್ಕಮ್ಮ. ಆಮೇಲೆ ಯಾರನ್ನೂ ಹಿಡಿಯಲಾಗಲಿಲ್ಲ. ಕಂಡಕ್ಟರಿಗೆ ಬಿಕ್ಕಳಿಕೆ ಹತ್ತಿತು. ಕನ್ನಡಕದಂಗಡಿಯವರು ಮಾತ್ರ ನಗದೆ, ಅಪ್ಪನ ಅಂಗೈಯನ್ನು ಭೂತಗನ್ನಡಿಯ ಕೆಳಗೆ ಎಳೆದುಕೊಂಡು ಪ್ರತಿ ಹಲ್ಲನ್ನೂ ನೋಡುತ್ತಿದ್ದರು. ಎಡಗಡೆಯ ಸೊಟ್ಟ ಹಲ್ಲು ಸಿಕ್ಕಾಗ “ಅಬ್ಬಾ!” ಎಂದು ಚಿಕ್ಕಮ್ಮನ ಕಡೆ ತಿರುಗಿ ಎರಡೂ ಕೈ ಜೋಡಿಸಿದರು. ಇಪ್ಪತ್ತೇಳು ವರ್ಷದಲ್ಲಿ ಅವಳ ಹಲ್ಲಿಗೆ ಸಿಕ್ಕ ಮೊದಲ ಮರ್ಯಾದೆ ಅದು. ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಟೀ ಮಾಡಲು ಕೆಳಗಿಳಿದಳು. ಮಾಡಿದ ಟೀಗೆ ಸಕ್ಕರೆ ಹಾಕುವುದನ್ನು ಮರೆತಿದ್ದಳು.

ಗುಂಪಿನವರು ಅವಳ ತಪ್ಪನ್ನು ಮನ್ನಿಸಿದರೂ, ನಕಲಿ ಕಪಾಟಿನಲ್ಲಿ ಇರಬಾರದು, ನಿಯಮ ನಿಯಮವೇ ಎಂದು ಅವಳೇ ಹಟ ಹಿಡಿದಳು. ಆದ್ದರಿಂದ ನಾಲ್ಕು ಗೊಂಬೆಗಳಿಗೆ ಕಿಟಕಿಯ ಪಕ್ಕ ಬೇರೆ ಹಲಗೆ ಹೊಡೆಸಿದಳು. ಕೆಳಗೊಂದು ಚೀಟಿ: ‘ಭಾವ ಕೊಟ್ಟಿದ್ದು’. ಅದರ ಫೋಟೋವನ್ನು ಗುಂಪಿಗೂ ಕಳಿಸಿದಳು. ಅಪ್ಪನಿಗೆ ಆ ಅಂಗಡಿಯ ಸಹವಾಸ ಬಿಡಿಸಿದ್ದಾಯಿತು. ಈಗ ಡ್ರೈವಿಂಗ್ ಸ್ಕೂಲಿನಲ್ಲಿ ಬೆಲ್ಟಿನ ಪಾಠ ಮೊದಲಿಗಿಂತ ಚುರುಕು. ಒಪ್ಪದವರಿಗೆ ಮಾಸ್ತರು ಬಾಯಿ ತೆರೆದು ತೋರಿಸುತ್ತಾರೆ.

ಮುಂದಿನ ವಾರ ಗುಂಪಿನವರು ಎಂದಿನಂತೆ ಫೋಟೋ ಕಳಿಸಿದರು. ಅಸಲಿ, ನಕಲಿ, ನಕಲಿ, ಅಸಲಿ. ಆಮೇಲೆ ಕನ್ನಡಕದಂಗಡಿಯವರದು ಬಂತು, ಗುಂಪಿಗಲ್ಲ, ಅವಳೊಬ್ಬಳಿಗೇ. ಒಂದು ಕಣ್ಣು ಮೇಲೆ, ಒಂದು ಕಣ್ಣು ಕೆಳಗೆ ಇರುವ ಗೊಂಬೆ. ಕೆಳಗೆ ಬರೆದಿದ್ದರು: “ಮಗಳು ಮೊದಲ ಸಂಬಳದಲ್ಲಿ ಕೊಡಿಸಿದ್ದು. ಆರು ವರ್ಷದಿಂದ ಬೀರುವಿನೊಳಗೆ ಇಟ್ಟಿದ್ದೇನೆ. ನೋಡಿ ಹೇಳಿ.”

ಚಿಕ್ಕಮ್ಮ ಕನ್ನಡಕ ಹಾಕಿಕೊಂಡಳು. ಅಸಲಿ ಗೊಂಬೆಗೆ ತೆಗೆದುಕೊಳ್ಳುವಷ್ಟೇ ಹೊತ್ತು ತೆಗೆದುಕೊಂಡು ಅದನ್ನು ನೋಡಿದಳು. ಆಮೇಲೆ ಬರೆದಳು: “ಭಾವ ಕೊಟ್ಟಿದ್ದು. ಹೊರಗೆ ಇಡಿ, ಬಿಸಿಲು ಬೀಳದ ಕಡೆ.”