ಕಿಟಕಿ ಕಡೆಯ ಕೈ

ಬಿಳಿ ಬೆಡ್‌ಶೀಟಿನ ಮೇಲೆ ಸಾಸಿವೆ ಗಾತ್ರದ ಮೂರು ರಕ್ತದ ಚುಕ್ಕೆ. ಅಷ್ಟಕ್ಕೇ ಹೋಟೆಲಿನವರು ಇಡೀ ಗಂಟನ್ನು ಲಾಂಡ್ರಿಗೆ ವಾಪಸು ಕಳಿಸಿದ್ದರು. ಯಾರ ಮೇಜಿನದೆಂದು ವಿಚಾರಿಸುವ ಅಗತ್ಯ ಬೀಳಲಿಲ್ಲ. ಅಂಚಿಗೆ ಅಂಚು ಅಷ್ಟು ಹದವಾಗಿ ಕೂರಿಸಿ ಮಡಚುವವಳು ಆ ಇಸ್ತ್ರಿ ಕೋಣೆಯಲ್ಲಿ ಕಿಟಕಿಯಕ್ಕ ಒಬ್ಬಳೇ.

ಆ ಹೆಸರು ಬಂದದ್ದು ಮೂವತ್ತು ವರ್ಷದ ಹಿಂದಿನ ಮುಷ್ಕರದಿಂದ. ಆಗ ಇಸ್ತ್ರಿ ಕೋಣೆಗೆ ನಾಲ್ಕು ಗೋಡೆ, ಒಂದು ಬಾಗಿಲು ಅಷ್ಟೇ. ಒಂದೇ ದಿನ ಇಬ್ಬರು ಹೆಂಗಸರು ಬವಳಿ ಬಂದು ಬಿದ್ದರು. ಮಾಲೀಕ ಒಂದು ಜಗ್ಗು ನಿಂಬೆಹಣ್ಣಿನ ನೀರು ಕಳಿಸಿ ಕೈ ತೊಳೆದುಕೊಂಡ. ಹೆಂಗಸರು ಗೇಟಿನ ಮುಂದೆ ಹೋಗಿ ಕೂತರು. ಮುಷ್ಕರವೆಂದರೆ ಬರೀ ಬಾವುಟ, ಘೋಷಣೆ ಅಂದುಕೊಂಡವರು ಅಲ್ಲಿ ಅರ್ಧ ದಿನ ಕೂರಬೇಕಿತ್ತು. ಬಹುಪಾಲು ಅದು ಹಸಿವು, ಸೊಳ್ಳೆ, ಉಚ್ಚೆ ಹೊಯ್ಯಲು ಮರೆ ಹುಡುಕುವ ಪಾಡು. ಹನ್ನೊಂದು ದಿನ ಕೂತರು. ಹನ್ನೆರಡನೆಯ ದಿನ ಗಾರೆಯವನು ಬಂದು ಗೋಡೆ ಒಡೆದು ಕಿಟಕಿ ಇಟ್ಟ. ಕಿಟಕಿಯ ಪಕ್ಕದ ಮೇಜು ಯಾರಿಗೆಂದು ಚರ್ಚೆಯೇ ನಡೆಯಲಿಲ್ಲ. ಎಲ್ಲರಿಗಿಂತ ಮುಂದೆ ಕೂತು, ಎಲ್ಲರಿಗಿಂತ ಹೆಚ್ಚು ಬೈದವಳಿಗೆ ಅದು ಹೋಯಿತು.

ಈಗಿನ ಸೂಪರ್‌ವೈಸರ್ ಅಂದು ಆ ಗೇಟಿನಲ್ಲಿ ಅಮ್ಮನ ಮಡಿಲಲ್ಲಿ ಮಲಗಿದ್ದ ಕೂಸು. ಚುಕ್ಕೆ ಬಿದ್ದ ಬೆಡ್‌ಶೀಟನ್ನು ಕಿಟಕಿಯಕ್ಕನ ಮೇಜಿನ ಮೇಲಿಟ್ಟು, ಅಕ್ಕಪಕ್ಕದವರಿಗೆ ಕೇಳದ ಹಾಗೆ ಹೇಳಿದಳು: "ದೊಡ್ಡಮ್ಮ, ಮೇಲಿನವರು ಖಡಾಖಂಡಿತ ಹೇಳ್ಬಿಟ್ಟಿದಾರೆ. ಇನ್ನೊಂದ್ಸಲ ಹೀಗಾದ್ರೆ ನಿಮ್ಮನ್ನ ಹಿಂದಿನ ಕೋಣೆಗೆ ಹಾಕ್ಬೇಕಂತೆ. ಕಾಲುಚೀಲ ಜೋಡಿ ಮಾಡೋಕೆ."

ಹಿಂದಿನ ಕೋಣೆಗೆ ಕಿಟಕಿ ಇಲ್ಲ.

ತಪ್ಪೆಲ್ಲ ಎಡಗೈಯದು. ಮೊಣಕೈಯಿಂದ ಮಣಿಕಟ್ಟಿನವರೆಗೆ ಅದರ ಚರ್ಮ ಥೇಟ್ ಕ್ರೇಪ್ ಬಟ್ಟೆ. ಎಳೆ ಎಳೆಯಾಗಿ ಸಣ್ಣ ನಿರಿಗೆ, ಹಿಡಿದೆತ್ತಿದರೆ ಎತ್ತಿದಲ್ಲೇ ನಿಲ್ಲುವ ಸಡಿಲ. ಮೇಜಿನ ಮೂಲೆ ಸವರಿದರೂ ನೇರಳೆ ಕಲೆ ಏಳುತ್ತಿತ್ತು, ಒಮ್ಮೊಮ್ಮೆ ಈರುಳ್ಳಿಯ ಪೊರೆಯಂತೆ ಕಿತ್ತುಬರುತ್ತಿತ್ತು. ಅದೇ ಮೈಯ, ಅದೇ ವಯಸ್ಸಿನ ಬಲಗೈಗೆ ಅದರ ಅರ್ಧ ಮುದಿತನವೂ ಇರಲಿಲ್ಲ. ಎಡಗೈ ಬಟ್ಟೆ ಎಳೆದು ಎಳೆದು ಸವೆದಿದೆ ಎಂಬುದು ಅವಳ ತೀರ್ಮಾನ.

ಸುಕ್ಕಿಗೆ ಸೋತು ಗೊತ್ತಿದ್ದವಳಲ್ಲ. ಆ ಭಾನುವಾರ ಮಧ್ಯಾಹ್ನ ಅಡುಗೆಮನೆಯ ಕಟ್ಟೆಯ ಮೇಲೆ ಕೈ ಚಾಚಿ ನೀರು ಚಿಮುಕಿಸಿದಳು. ಒದ್ದೆ ಟವೆಲನ್ನು ನಾಲ್ಕು ಮಡಿಕೆ ಮಾಡಿ ಸುತ್ತಿದಳು. ಇಸ್ತ್ರಿಪೆಟ್ಟಿಗೆಯನ್ನು ರೇಷ್ಮೆಯ ಗುರುತಿಗೆ ತಿರುಗಿಸಿ, ಮಣಿಕಟ್ಟಿನಿಂದ ಮೇಲಕ್ಕೆ ಹಗುರವಾಗಿ ಓಡಿಸಿದಳು. ಕ್ರೇಪಿಗೆ ಮಾಡುವುದೇ ಹಾಗೆ. ಟವೆಲು ಬಿಚ್ಚಿದಾಗ ಕೈ ಉಬ್ಬಿ ನುಣ್ಣಗಾಗಿತ್ತು. ಗಂಡನನ್ನು ಕರೆದು ತೋರಿಸಿ ಬೀಗಿದಳು. ಸಂಜೆಯಾಗುವಷ್ಟರಲ್ಲಿ ಕೆಂಡದಂತಾಯಿತು, ಬೆಳಿಗ್ಗೆ ಬೊಬ್ಬೆ ಎದ್ದಿತು.

"ಗಂಜಿ ಹಾಕೋದೊಂದು ಬಾಕಿ ಇತ್ತು ಕಣೇ," ಅಂದ ಗಂಡ. ಹಾಗಂದವನೇ ಚಪ್ಪಲಿ ಮೆಟ್ಟಿಕೊಂಡು ಅವಳನ್ನು ದವಾಖಾನೆಗೆ ಹೊರಡಿಸಿದ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬಿಳಿ ಕೋಟಿನ ಕಾಲರು ಮುದುರಿದ್ದನ್ನು ಕಿಟಕಿಯಕ್ಕ ಬಾಗಿಲಲ್ಲೇ ಗಮನಿಸಿದ್ದಳು, ಹಾಗಾಗಿ ಅರ್ಧ ನಂಬಿಕೆ ಅಲ್ಲಿಗೇ ಹೋಗಿತ್ತು. ಇಸ್ತ್ರಿಯ ಕತೆ ಕೇಳಿ ಡಾಕ್ಟರು ನಗಲಿಲ್ಲ, ನಗು ತಡೆಯಲು ಪಟ್ಟ ಪಾಡು ಮಾತ್ರ ಕಂಡಿತು. ಬೊಬ್ಬೆಗೆ ಅಂಟದ ಪಟ್ಟಿ ಕಟ್ಟುತ್ತಿರುವಾಗ ಗಂಡ ತನ್ನ ಬಲಗೈಯನ್ನು ಮೇಜಿನ ಮೇಲೆ ಇಟ್ಟಿದ್ದ. ಡಾಕ್ಟರು ಆ ಕೈಯನ್ನು ನೋಡಿದಳು. ಅದೇ ನಿರಿಗೆ, ಅದೇ ನೇರಳೆ ಕಲೆ. ಎಡಗೈ ತೋರಿಸಿ ಅಂದಳು. ಅದು ನೆಟ್ಟಗಿತ್ತು. ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದ್ದಕ್ಕೆ, ಮೂವತ್ತನಾಲ್ಕು ವರ್ಷ ಬಸ್ಸು ಓಡಿಸಿದೆ, ಕಿಟಕಿಯ ಮೇಲೆ ಕೈ ಊರಿಕೊಂಡು, ಅಂದ.

ಡಾಕ್ಟರು ಕಿಟಕಿಯಕ್ಕನ ಕಡೆ ತಿರುಗಿದಳು. "ನೀವ್ ಇಸ್ತ್ರಿ ಮಾಡೋವಾಗ ಎಡಗಡೆ ಏನಿದೆಯಮ್ಮ?"

ಕಿಟಕಿಯಕ್ಕ ಎಡಗೈಯನ್ನು ಮಡಿಲಿಗೆ ಎಳೆದುಕೊಂಡಳು. ಆ ಗೋಡೆ ಒಡೆಸಿದ ಕತೆಯನ್ನು ಮೂವತ್ತು ವರ್ಷ ಕೊಚ್ಚಿಕೊಂಡಿದ್ದಳು. ಕೊನೆಗೆ ಗಂಡನೇ ಹೇಳಿದ: "ಕಿಟಕಿ."

ಡಾಕ್ಟರು ಬಿಡಿಸಿ ಹೇಳಿದಳು. ವಯಸ್ಸಿಗೆ ಎಲ್ಲರ ಚರ್ಮವೂ ತೆಳುವಾಗುತ್ತದೆ, ಒಣಗುತ್ತದೆ. ಅದರೊಳಗೆ ಚಡ್ಡಿಯ ಎಲಾಸ್ಟಿಕ್ಕಿನಂಥ ಎಳೆಗಳಿವೆ, ಬಿಸಿಲು ಅವನ್ನು ಕಡಿದುಹಾಕುತ್ತದೆ, ಗಾಜಿನ ಮೂಲಕ ಬಂದ ಬಿಸಿಲೂ ಸುಮ್ಮನಿರುವುದಿಲ್ಲ. ಕಾಯಿಸಿದರೆ, ಎಳೆದರೆ, ಉಜ್ಜಿದರೆ ಇನ್ನಷ್ಟು ಹಾಳು. ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಒರೆಸದೆ ಒತ್ತಿ, ಪಸೆ ಆರುವ ಮೊದಲೇ ಸಾದಾ ಮುಲಾಮು ಹಚ್ಚಬೇಕು. ಹಗಲು ಬಿಸಿಲು ತಡೆಯುವ ಕ್ರೀಮು, ಅದಕ್ಕಿಂತ ಮೇಲು ಉದ್ದ ತೋಳಿನ ಬಟ್ಟೆ. ಸುಟ್ಟದ್ದು ಪೂರ್ತಿ ಮಾಯ್ದ ಮೇಲೆ ಇನ್ನೊಂದು ಕ್ರೀಮು ಕೊಡುತ್ತೇನೆ, ಬಟಾಣಿಯಷ್ಟು, ವಾರಕ್ಕೆರಡು ಸಲ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಕೊಂಚ ಗಟ್ಟಿಯಾಗಬಹುದು. ವಾರದಲ್ಲಿ ಹದಿನೆಂಟರ ಕೈ ಮಾಡಿಕೊಡುತ್ತೇವೆ ಅನ್ನುವವರ ಡಬ್ಬಿ ಮುಟ್ಟಬೇಡಿ.

"ಸುಕ್ಕು ಹೋಗುತ್ತಾ?"

"ಪೂರ್ತಿ ಹೋಗಲ್ಲಮ್ಮ. ರಕ್ತ ಬರೋದು ಕಮ್ಮಿಯಾಗ್ಬಹುದು."

"ನಂಗೆ ಅಷ್ಟೇ ಬೇಕಿರೋದು."

ಪಟ್ಟಿ ಕಟ್ಟಿದ ಕೈ ನೋಡಿ ಸೂಪರ್‌ವೈಸರ್ ಎಲ್ಲ ಕೇಳಿ ತಿಳಿದಳು. ಆ ಕಿಟಕಿಗೆ ಹಲಗೆ ಹೊಡೆಸಿಬಿಡೋಣ, ಮೇಲಿನವರು ಖುಷಿಯಾಗಿ ಒಪ್ಪುತ್ತಾರೆ, ದೊಡ್ಡಮ್ಮನ ಮೇಜೂ ಉಳಿಯುತ್ತದೆ ಅಂದಳು. ಪ್ರೀತಿಯಿಂದಲೇ ಅಂದದ್ದು. ಕಿಟಕಿಯಕ್ಕ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು.

"ಆ ಗೋಡೆ ಒಡೆಸೋಕೆ ನಿಮ್ಮಮ್ಮ ನಿನ್ನನ್ನ ಮಡಿಲಲ್ಲಿ ಹಾಕ್ಕೊಂಡು ಹನ್ನೊಂದು ದಿನ ಕೂತಿದ್ಲು ಕಣೇ. ನನ್ನೊಂದು ಕೈ ನೆಪ ಮಾಡಿ ಇಷ್ಟು ಜನರ ಗಾಳಿ ಮುಚ್ಚಿದ್ಯೋ, ನಾನೇ ಹೋಗಿ ಗೇಟಲ್ಲಿ ಕೂರ್ತೀನಿ."

ಹಲಗೆಯ ಮಾತು ಅಲ್ಲಿಗೆ ಮುಗಿಯಿತು. ಅವಳು ಹೋಟೆಲಿನವರು ಎಸೆದ ದಿಂಬಿನ ಕವರು ಕತ್ತರಿಸಿ, ಎರಡು ಪದರಿನ ತೋಳುಚೀಲ ಹೊಲಿದುಕೊಂಡಳು. ಬಾಯಿಗೆ ಎಲಾಸ್ಟಿಕ್ಕು ಹಾಕಿದರೆ ಚರ್ಮ ಕಚ್ಚುತ್ತದೆಂದು ಲಾಡಿ ಇಟ್ಟಳು. ಗಂಡ ಒಂದು ದಿನ ಬಂದು, ಸ್ಟೇರಿಂಗಿಗೆ ಸುತ್ತುತ್ತಿದ್ದ ಹಾಗೆ, ಮೇಜಿನ ನಾಲ್ಕೂ ಮೂಲೆಗೆ ಹಳೇ ಟವೆಲು ಬಿಗಿದು ಹೋದ.

ಸೂಪರ್‌ವೈಸರ್ ಮೊದಮೊದಲು ಅವಳ ಗಂಟುಗಳನ್ನು ಬಿಚ್ಚಿಯೇ ನೋಡುತ್ತಿದ್ದಳು. ಆಮೇಲೆ ಇನ್ನೇನೋ ಹುಡುಕುವವಳ ಹಾಗೆ ಬಂದು ಓರೆಗಣ್ಣಲ್ಲಿ ನೋಡುತ್ತಿದ್ದಳು. ಎರಡು ತಿಂಗಳು ಒಂದು ಚುಕ್ಕೆಯೂ ಬೀಳಲಿಲ್ಲ. ಮೂರನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಬಟ್ಟೆಯ ಗಾಡಿ ಬಂದು ಎಡಗೈಗೆ ಗುದ್ದಿತು. ತೋಳುಚೀಲದ ಒಳಪದರು ಕೆಂಪಾಯಿತು. ಬೆಡ್‌ಶೀಟು ಹಾಲಿನಂತೆ ಬೆಳ್ಳಗೇ ಇತ್ತು.

ಸೂಪರ್‌ವೈಸರ್ ಅದನ್ನೂ ನೋಡಿದಳು, ಇದನ್ನೂ ನೋಡಿದಳು. ಬೆಡ್‌ಶೀಟನ್ನು ಮಡಚಿ ಹೋಟೆಲಿನ ಗಂಟಿಗೆ ಸೇರಿಸಿದಳು. ಆಮೇಲೆ ತನ್ನ ಡ್ರಾಯರಿನಿಂದ ಹೊಸ ತೋಳುಚೀಲ ತಂದು ಮೇಜಿನ ಮೇಲಿಟ್ಟಳು. ತಾನೇ ಹೊಲಿದದ್ದು. "ಇನ್ನೂ ನಾಲ್ಕಿದೆ ದೊಡ್ಡಮ್ಮ. ಎಲ್ಲಾ ಎಡಗೈದೇ."

ಕಿಟಕಿಯಕ್ಕ ಅದನ್ನು ಬೆಳಕಿಗೆ ಹಿಡಿದು, ಒಳಗು ಹೊರಗು ತಿರುವಿ ನೋಡಿದಳು.

"ಹೊಲಿಗೆ ಪರವಾಗಿಲ್ಲ," ಅಂದಳು. "ಇಸ್ತ್ರಿ ಮಾಡ್ದೆ ತಂದಿದೀಯಲ್ಲ, ನಾಚಿಕೆ ಆಗಲ್ವಾ?"