ಕಡ್ಲೆಪುರಿ ತಟ್ಟೆಯ ಮಿಸ್

ನಮ್ಮ ಸಮಾಜ ವಿಜ್ಞಾನದ ಮಿಸ್ ಅವರ ಬಲಗೈ ತೋರುಬೆರಳು ತುದಿಯಲ್ಲಿ ಸೊಟ್ಟ. ಭೂಪಟದ ಮೇಲೆ ಅವರು ಒಂದು ದೇಶ ತೋರಿಸಿದರೆ ನಮ್ಮ ಕಣ್ಣಿಗೆ ಬೀಳುತ್ತಿದ್ದುದು ಪಕ್ಕದ ದೇಶ. ಗುಬ್ಬಿಯ ಹೈಸ್ಕೂಲಿನಲ್ಲಿ ಇದ್ದಷ್ಟು ದಿನವೂ ನಾವು ಪೋಲೆಂಡನ್ನೇ ಜರ್ಮನಿ ಎಂದು ತಿಳಿದಿದ್ದೆವು. ಬೆರಳು ಸೊಟ್ಟ ಎಂದರೆ ಅವರೂ ನಗುತ್ತಿದ್ದರು. "ಬೆರಳು ನೋಡ್ಬೇಡ್ರಮ್ಮ, ನಾನು ಹೇಳೋದು ಕೇಳ್ರಿ."

ತರಗತಿಯಲ್ಲಿ ಜಗಳವಾದರೆ ಅವರ ಬಳಿ ಒಂದೇ ಮದ್ದು. ಸ್ಟಾಫ್ ರೂಮಿನ ಡಬ್ಬದಿಂದ ಒಂದು ತಟ್ಟೆ ಕಡ್ಲೆಪುರಿ ತಂದು, ಜಗಳ ಆಡಿದವರನ್ನು ಎದುರುಬದುರು ಕೂರಿಸುತ್ತಿದ್ದರು. ತಟ್ಟೆ ಖಾಲಿಯಾಗುವವರೆಗೆ ಏಳುವ ಹಾಗಿಲ್ಲ. ನಾನೂ ಕೂತಿದ್ದೇನೆ. ಪಕ್ಕದವಳು ಕೈವಾರದಿಂದ ಬೆಂಚಿನ ಮೇಲೆ ಗಡಿ ಗೀರಿ, ನನ್ನ ಮೊಣಕೈ ದಾಟಿತೆಂದು ಚುಚ್ಚಿದ್ದಳು. ಇಬ್ಬರೂ ಮುಖ ಊದಿಸಿಕೊಂಡು ಕೂತೆವು. ಕೊನೆಗೆ ಹಸಿವು ತಡೆಯದೆ ಕೈ ಹಾಕಿದೆವು. ಅವಳು ಬರೀ ಕಡ್ಲೆ ಆರಿಸುತ್ತಿದ್ದಾಳೆಂದು ನಾನು, ನಾನೇ ಆರಿಸುತ್ತಿದ್ದೇನೆಂದು ಅವಳು, ಹೊಸ ಜಗಳ ತೆಗೆದು ಅದರಲ್ಲೇ ನಕ್ಕುಬಿಟ್ಟೆವು. ಮಿಸ್ ಬಂದು, "ನೋಡಿದ್ರಾ? ಯುದ್ಧ ಅಂದ್ರೆ ಇಷ್ಟೇ ಕಣ್ರೇ. ಯಾರೋ ಒಬ್ರು ತಟ್ಟೆ ಮುಂದಿಂದ ಎದ್ದು ಹೋಗ್ತಾರೆ. ಕೂತಿರೋವರ್ಗೂ ಯಾರೂ ಸಾಯಲ್ಲ" ಅಂದರು. ಮೊದಲ ಮಹಾಯುದ್ಧದ ಕಾರಣಗಳನ್ನು ನಾನು ಪರೀಕ್ಷೆಯಲ್ಲಿ ಈ ಮಾತಿನ ಬಲದ ಮೇಲೇ ಬರೆದೆ.

ಮುಂದೆ ಡಾಕ್ಟರಿಕೆ ಓದಲು ಉಕ್ರೇನಿಗೆ ಹೋದೆ. ಗಡಿಯಲ್ಲಿ ರಷ್ಯಾದ ಸೇನೆ ಬಂದು ನಿಂತಿದೆ ಎಂಬ ಸುದ್ದಿ ಕೇಳಿ ಅಪ್ಪ ಹೆದರಿದರು. ಆದರೂ ನನ್ನನ್ನು ಕರೆಸಿಕೊಳ್ಳುವ ಮೊದಲು ಮಿಸ್‌ಗೆ ಫೋನ್ ಮಾಡಿದರು. ನಮ್ಮ ಮನೆಯಲ್ಲಿ ಅವರು ಹೇಳಿದ್ದೇ ವೇದವಾಕ್ಯ. ಮಿಸ್ ಆಗ ನಿವೃತ್ತರಾಗಿ ತುಮಕೂರಿನ ಕುಣಿಗಲ್ ರಸ್ತೆಯಲ್ಲಿದ್ದರು, ದಿನವಿಡೀ ಟೀವಿ ಸುದ್ದಿಯ ಮುಂದೆ. ಅಪ್ಪನಿಗೂ ಪಾಠ ಮಾಡಿದರಂತೆ. "ಬೇರೆಯೋರನ್ನ ತಂದು ನನ್ನ ಅಂಗಳದವರ್ಗೂ ಕೂರಿಸ್ತಿದೀಯ ಅಂತ ರಷ್ಯಾದವನ ಸಿಟ್ಟು. ನನ್ನ ಮನೆಗೆ ಯಾರನ್ನ ಕರೀಬೇಕು ಅಂತ ಹೇಳೋಕೆ ನೀನ್ಯಾರು ಅಂತ ಉಕ್ರೇನಿನವನ ಹಠ. ಹಳೇ ಜಗಳ ಕಣ್ರಿ. ಆದ್ರೆ ದೊಡ್ಡ ದೊಡ್ಡೋರೆಲ್ಲ ಕೂತು ಮಾತಾಡ್ತಿದಾರೆ. ಮಾತಾಡ್ತಿರೋವಾಗ ಯಾರಾದ್ರೂ ಹೊಡೀತಾರಾ? ಮಗು ಓದ್ಕೊಳ್ಲಿ ಬಿಡಿ."

ನಾನು ಅಲ್ಲೇ ಉಳಿದೆ. ಕೆಲವೇ ದಿನಗಳಲ್ಲಿ ಹಾಸ್ಟೆಲಿನ ಕಿಟಕಿ ಗಾಜು ಪುಡಿಯಾಗಿ ನನ್ನ ಹಾಸಿಗೆ ಮೇಲೆ ಬಿತ್ತು.

ನೆಲಮಾಳಿಗೆಯಿಂದ ಮನೆಗೆ ವಿಡಿಯೋ ಕಾಲ್ ಮಾಡಿದರೆ ಅಮ್ಮನ ಪಕ್ಕದಲ್ಲಿ ಮಿಸ್. ದಿನಾ ಬಸ್ಸು ಹತ್ತಿ ಗುಬ್ಬಿಗೆ ಬಂದು ಕೂರುತ್ತಿದ್ದರಂತೆ. ಗಂಟೆ ಹೊಡೆದರೂ ಪಾಠ ನಿಲ್ಲಿಸದ ಬಾಯಿ ಅದು, ಈಗ ಒಂದು ಮಾತಿಲ್ಲ. ಬಾಂಬಿನ ಸದ್ದಿಗೂ ಅಷ್ಟು ಹೆದರಿರಲಿಲ್ಲ, ಆ ಮುಖ ನೋಡಿ ಹೆದರಿದೆ. ಮಿಸ್‌ಗೂ ಗೊತ್ತಿಲ್ಲದ್ದು ಏನೋ ನಡೆಯುತ್ತಿದೆ ಅನ್ನಿಸಿತು.

ರೈಲಿನಲ್ಲಿ ನಿಂತು, ಹಿಮದಲ್ಲಿ ನಡೆದು ಗಡಿ ದಾಟಿದೆ. ಕಾಲಿಟ್ಟದ್ದು ಪೋಲೆಂಡಿನಲ್ಲಿ, ಅವರ ಸೊಟ್ಟ ಬೆರಳಿನ ದೇಶದಲ್ಲಿ. ಊರು ತಲುಪಿದಾಗ ಮಿಸ್ ನನ್ನ ಕೈ ಹಿಡಿದು ಬಿಡಲೇ ಇಲ್ಲ.

"ನಿನ್ನ ಅಲ್ಲಿ ಕೂರಿಸಿದ್ದು ನಾನೇ ಕಣೇ."

"ಎಲ್ರೂ ಹಂಗೇ ಅಂದ್ಕೊಂಡಿದ್ರು ಮಿಸ್, ನೀವೇನ್ ಮಾಡ್ತೀರಾ?" ಅಂದೆ.

ಅವರು ತಲೆ ಅಲ್ಲಾಡಿಸಿದರು. "ಕೂತಿದಾರೆ ಅಂತ ನೋಡ್ದೆ. ಯಾರೂ ತಟ್ಟೆಗೆ ಕೈ ಹಾಕ್ತಿಲ್ಲ ಅನ್ನೋದ್ನ ನೋಡ್ಲೇ ಇಲ್ಲ."

ಹೋದ ವರ್ಷ ಮಿಸ್ ತೀರಿಕೊಂಡರು. ಕೊನೆಯ ಸಲ ನಾನು ಹೋದಾಗ ಆಸ್ಪತ್ರೆಯ ಟೀವಿಯಲ್ಲಿ ಬೇರೆ ಎರಡು ದೇಶಗಳ ಜಗಳದ ಸುದ್ದಿ ಬರುತ್ತಿತ್ತು. ಕಣ್ಣು ಮಂಜಾಗಿದ್ದರಿಂದ ಆ ಸೊಟ್ಟ ಬೆರಳೆತ್ತಿ, "ಏನಂತೆ?" ಎಂದು ಕೇಳಿದರು.

"ಮಾತುಕತೆ ನಡೀತಿದ್ಯಂತೆ ಮಿಸ್," ಅಂದೆ, ಸಮಾಧಾನವಾಗಲಿ ಎಂದು.

ಅವರು ಗಾಬರಿಯಾಗಿ ಹಾಸಿಗೆಯಿಂದ ಏಳಲು ಹೋದರು. "ಹಂಗಾದ್ರೆ ಬೇಗ ಅಲ್ಲಿರೋ ಮಕ್ಕಳನ್ನ ಮನೆಗೆ ಕರೆಸ್ಕೊಳ್ಳೋಕೆ ಹೇಳೇ."