ತಾನೇ ತೆರೆದುಕೊಳ್ಳುತ್ತಿದ್ದ ಬಾಗಿಲು

ರೋಣದಲ್ಲಿ ನಮ್ಮದು ಮನೆ ಕಟ್ಟಿಕೊಡುವ ಸಣ್ಣ ಕಸುಬು. ಮಾವನವರು ಕಲ್ಲು ಮಣ್ಣಿನ ಮನೆಗಳನ್ನು ಕಟ್ಟಿದರು, ನನ್ನ ಗಂಡ ಇಟ್ಟಂಗಿ ಸಿಮೆಂಟಿನವನ್ನು ಕಟ್ಟಿದರು. ಎರಡು ಸಾವಿರದ ಇಸವಿ ದಾಟಿದ ಮೇಲೆ ಅವರ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಒಂದು ಕಣ್ಣು ಹೋದ ಹಾಗೆಯೇ, ಇನ್ನೊಂದನ್ನು ಜೋಪಾನ ಮಾಡಿರಿ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿ ಕಳಿಸಿದರು. ಅಂದಿನಿಂದ ಕೆಲಸ ಹಿಡಿಯುವುದು, ಉಸುಕು ಸಿಮೆಂಟು ತರಿಸುವುದು, ಆಳು ಹಚ್ಚುವುದು ಎಲ್ಲ ನನ್ನ ಪಾಲಿಗೆ ಬಂತು. ಮೈದುನ ಕಬ್ಬಿಣ ಮತ್ತು ಸ್ಲ್ಯಾಬಿನ ಕೆಲಸ ನೋಡಿಕೊಂಡ. ಗಂಡ ಮಾತ್ರ ಸಿಮೆಂಟು ಹಚ್ಚುವ ಕರಣೆಯನ್ನು ಕೆಳಗಿಡಲಿಲ್ಲ.

ನಾನು ಬೆಳೆದದ್ದು ಹೆಣ್ಣುಮಕ್ಕಳ ವಸತಿ ಶಾಲೆಯಲ್ಲಿ. ಏಳಲು ಗಂಟೆ, ಉಣ್ಣಲು ಗಂಟೆ, ದೀಪ ಆರಿಸಲು ಗಂಟೆ. ಆ ಶಿಸ್ತನ್ನೇ ಕೆಲಸದ ಜಾಗಕ್ಕೆ ತಂದೆ. ಚಹಾದ ಹೊತ್ತು, ಊಟದ ಹೊತ್ತು, ಸಾಮಾನು ತೊಳೆದಿಡುವ ಹೊತ್ತು, ಎಲ್ಲವನ್ನೂ ಗೊತ್ತು ಮಾಡಿದೆ. ಗೋಡೆ ಕಟ್ಟುವ ಗೌಂಡಿಗಳು ಬೆನ್ನ ಹಿಂದೆ ನಗುತ್ತಿದ್ದರು. ಒಬ್ಬ ಮುಖದ ಮೇಲೆಯೇ ಕೇಳಿದ್ದ, “ಅಕ್ಕಾರ, ಕೆಮ್ಮಾಕ ಯಾವಾಗ ಗಂಟಿ ಹೊಡೀತೀರಿ?” ಎಂದು.

ಆದರೆ ನನ್ನ ಒಂದು ನಿಯಮಕ್ಕೆ ಯಾರೂ ನಗುತ್ತಿರಲಿಲ್ಲ. ಸಂಜೆ ಎಲ್ಲರೂ ಕೈ ತೊಳೆಯುವಾಗ ನಾನು ದಾರಕ್ಕೆ ಕಟ್ಟಿದ ತೂಗುಗುಂಡು ಹಿಡಿದು ಅಂದು ಎದ್ದ ಗೋಡೆಗಳನ್ನೆಲ್ಲ ನೋಡಿ ಬರುತ್ತಿದ್ದೆ. ನೆಟ್ಟಗಿಲ್ಲದ ಗೋಡೆಯ ಮೇಲೆ ಸೀಮೆಸುಣ್ಣದಿಂದ ಒಂದು ಕತ್ತರಿ ಗುರುತು ಹಾಕುತ್ತಿದ್ದೆ. ಯಾರು ಕಟ್ಟಿದ್ದು ಎಂದು ಕೇಳುವಂತಿಲ್ಲ, ಬೈಯುವಂತಿಲ್ಲ. ಮರುದಿನ ಬೆಳಿಗ್ಗೆ ಕಟ್ಟಿದವನೇ ಅದನ್ನು ಕೆಡವಿದ ಮೇಲೆಯೇ ಬೇರೆ ಕೆಲಸಕ್ಕೆ ಕೈ ಹಚ್ಚಬೇಕು. ನಮ್ಮದು ಎರೆ ಭೂಮಿ, ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಕಟ್ಟುವಾಗಲೇ ವಾಲಿದ ಗೋಡೆಯನ್ನು ಆ ನೆಲ ಬಹಳ ದಿನ ಹೊರುವುದಿಲ್ಲ.

ನರಗುಂದದಲ್ಲಿ ಒಬ್ಬ ಮಾಸ್ತರರ ಮನೆ ಕಟ್ಟುತ್ತಿದ್ದೆವು. ಒಂದು ಸಂಜೆ ಅಡುಗೆಮನೆಯ ಗೋಡೆಗೆ ಗುಂಡು ಬಿಟ್ಟೆ. ಗುಂಡು ಗೋಡೆಯಿಂದ ದೂರ ಸರಿದು ನಿಂತಿತು. ಸಂದುಗಳನ್ನು ಬೆರಳಿನಿಂದ ಒರೆಸಿದ ನುಣುಪು ನೋಡಿದ ಕೂಡಲೇ ಅದು ನನ್ನ ಗಂಡನ ಕೈ ಎಂದು ತಿಳಿಯಿತು. ಅವರಿಗೆ ಗುಂಡು ಕಾಣುತ್ತಿತ್ತು, ಅದರ ದಾರ ಕಾಣುತ್ತಿರಲಿಲ್ಲ. ಆದರೂ ಗುರುತು ಹಾಕಿದೆ.

ಮರುದಿನ ಅವರು ನೇರ ಆ ಗೋಡೆಗೇ ಹೋದರು. ಸೀಮೆಸುಣ್ಣದ ಗೆರೆ ಅವರಿಗೆ ಕಾಣಲಿಲ್ಲ. ಇಟ್ಟಂಗಿ ನೀರಲ್ಲಿ ಅದ್ದಿದರು, ಸಿಮೆಂಟು ಹರವಿದರು. ಸುತ್ತಲಿನ ಗೌಂಡಿಗಳ ಕೈಗಳು ಒಂದೊಂದಾಗಿ ನಿಂತವು. ಎಲ್ಲರೂ ನನ್ನನ್ನು ನೋಡುತ್ತಿದ್ದರು. ಹಿಂದಿನ ಸಂಜೆ ಮನೆಯಲ್ಲೇ ಒಂದು ಮಾತು ಹೇಳಬಹುದಿತ್ತು. ನಿಯಮ ಎಲ್ಲರಿಗೂ ಒಂದೇ ಎಂದುಕೊಂಡು ಸುಮ್ಮನಿದ್ದೆ.

“ಅದರ ಮ್ಯಾಲ ಇಡಬ್ಯಾಡ್ರಿ,” ಎಂದೆ. “ಅದಕ್ಕ ಕತ್ರಿ ಬಿದ್ದೈತಿ.”

ಅವರು ಇಟ್ಟಂಗಿಯನ್ನು ಕೆಳಗಿಟ್ಟರು. “ಎಲ್ಲೀತನಾ ಕೆಡವಲಿ?” ಎಂದಷ್ಟೇ ಕೇಳಿದರು. ಕಿಟಕಿ ಮಟ್ಟದವರೆಗೆ ಎಂದು ಹೇಳಿದೆ. ಸುತ್ತಿಗೆ ಇಸಿದುಕೊಂಡು ತಾವೇ ಕೆಡವಿದರು.

ಮರುದಿನದಿಂದ ಅವರು ಕೆಲಸಕ್ಕೆ ಬರಲಿಲ್ಲ. ಎಂದಿನ ಹೊತ್ತಿಗೆ ಏಳುತ್ತಿದ್ದರು, ಸ್ನಾನ ಮಾಡುತ್ತಿದ್ದರು, ಕೆಲಸದ ಅಂಗಿ ತೊಟ್ಟು ಕಟ್ಟೆಯ ಮೇಲೆ ಕೂರುತ್ತಿದ್ದರು. ಬುತ್ತಿ ಕಟ್ಟಿಕೊಂಡು ಅವರ ಮುಂದೆಯೇ ಬಸ್‌ಸ್ಟ್ಯಾಂಡಿಗೆ ಹೋಗುವಾಗ ನನಗೆ ತಲೆ ಎತ್ತಲು ಆಗುತ್ತಿರಲಿಲ್ಲ. ಹೀಗೇ ಬಿಟ್ಟರೆ ಆ ಮನುಷ್ಯ ಇನ್ನೊಮ್ಮೆ ಮೇಸ್ತ್ರಿಯಾಗಿ ಏಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೋಡೆ ಕೆಡವಿಸಿದ್ದು ಸರಿ ಎಂಬುದೂ ಗೊತ್ತಿತ್ತು. ಸರಿ ಮಾಡಿದ್ದೇನೆ ಎಂಬುದರಿಂದ ಒಂದು ತುತ್ತೂ ಸಲೀಸಾಗಿ ಇಳಿಯಲಿಲ್ಲ.

ಅಷ್ಟರಲ್ಲಿ ಗಜೇಂದ್ರಗಡದಲ್ಲಿ ಸೀರೆ ವ್ಯಾಪಾರದ ಒಂದು ಮನೆತನದ ಕೆಲಸ ಸಿಕ್ಕಿತು. ನಮ್ಮ ಕಡೆ ಮುಂಬಾಗಿಲ ಚೌಕಟ್ಟು ನಿಲ್ಲಿಸುವ ದಿನ ದೊಡ್ಡದು. ಅದನ್ನು ಮೇಸ್ತ್ರಿಯೇ ನಿಲ್ಲಿಸಬೇಕು, ಮನೆಯವರು ಅವನ ತಲೆಗೆ ರುಮಾಲು ಸುತ್ತಿ, ಬಟ್ಟೆ ಕೊಟ್ಟು ಆಯೇರಿ ಮಾಡಬೇಕು. ಆ ಮನೆಯ ಹಿರಿಯಾಕೆಯ ತವರುಮನೆಯನ್ನು ನನ್ನ ಗಂಡನೇ ಕಟ್ಟಿದ್ದರು. ಚೌಕಟ್ಟು ಅವರೇ ನಿಲ್ಲಿಸಬೇಕು, ಬೇರೆ ಯಾರೂ ಬೇಡ ಎಂದು ಆಕೆ ಹೇಳಿ ಕಳಿಸಿದರು. ಆ ದಿನ ಬೆಳಿಗ್ಗೆ ಇವರು ಕಟ್ಟೆಯಿಂದ ಎದ್ದು ಚಪ್ಪಲಿ ಮೆಟ್ಟುತ್ತ, “ಸುಣ್ಣದ ಕಡ್ಡಿ ತೊಗೊಂಡ ಬಾ, ಮರತೀ,” ಎಂದರು.

ಅರಿಶಿನ ಕುಂಕುಮ ಹಚ್ಚಿ, ಮಾವಿನೆಲೆ ಕಟ್ಟಿ, ಚೌಕಟ್ಟನ್ನು ಎತ್ತಿ ನಿಲ್ಲಿಸಿದರು. ಇವರು ಗುಂಡು ಬಿಟ್ಟು ಕಣ್ಣು ಕಿರಿದು ಮಾಡಿ ನೋಡಿದರು. ಹಿರಿಯಾಕೆಯ ಮಗ ರುಮಾಲು ಸುತ್ತಿದ. ಎಷ್ಟೋ ದಿನಗಳ ಮೇಲೆ ಇವರ ಮುಖ ಅರಳಿತ್ತು. ನನ್ನ ಕಡೆ ತಿರುಗಿ, “ನೀ ಒಮ್ಮೆ ನೋಡು,” ಎಂದರು.

ನೋಡಿದೆ. ಚೌಕಟ್ಟು ಒಳಕ್ಕೆ ವಾಲಿತ್ತು. ಮೈದುನನಿಗೂ ಕಂಡಿತ್ತು, ಅವನು ನನ್ನ ಬಾಯಿಯನ್ನೇ ನೋಡುತ್ತಿದ್ದ.

“ಸರಿ ಐತ್ರಿ,” ಎಂದೆ.

ಮರುದಿನ ಇವರು ಬರುವ ಮೊದಲೇ ಮೈದುನನಿಂದ ಸರಿ ಮಾಡಿಸಿದರಾಯಿತು ಎಂದು ಮನಸ್ಸಿನಲ್ಲಿ ಲೆಕ್ಕ ಹಾಕಿದ್ದೆ. ಆದರೆ ಮರುದಿನ ಎಲ್ಲರಿಗಿಂತ ಮೊದಲು ಬಸ್ಸು ಹತ್ತಿದವರು ಅವರೇ. ಚೌಕಟ್ಟಿನ ಬದಿಗೆ ತಾವೇ ನಿಂತು ಎರಡೂ ಕಡೆ ಇಟ್ಟಂಗಿ ಏರಿಸಿದರು, ಜೊತೆಗೆ ಏನೋ ಗುನುಗುತ್ತಿದ್ದರು. ಸೀಮೆಸುಣ್ಣ ನನ್ನ ಚೀಲದಲ್ಲೇ ಉಳಿಯಿತು. ಮುಂದೆ ಬಡಿಗ ಬಾಗಿಲು ಕೂರಿಸಿ, ಇದು ನಿಲ್ಲುತ್ತಿಲ್ಲ, ತಾನೇ ತೆರೆದುಕೊಳ್ಳುತ್ತದೆ ಎಂದು ಬಂದು ಹೇಳಿದ. ಒಂದು ಕೊಕ್ಕೆ ಹಾಕಿ ಸುಮ್ಮನಿರು ಎಂದೆ. ಕೆಲಸ ನೆಟ್ಟಗಿರಲಿ ಎಂದು ಎಲ್ಲರನ್ನೂ ಗೋಳಾಡಿಸಿದವಳು ಕೊಕ್ಕೆ ಹಾಕಿಸಿ ಮನೆಗೆ ಬಂದೆ.

ಗೃಹಪ್ರವೇಶಕ್ಕೆ ನಮ್ಮಿಬ್ಬರಿಗೂ ಕರೆ ಬಂತು. ಊಟದ ಪಂಕ್ತಿಯಲ್ಲಿ ಹಿರಿಯಾಕೆ ಹೋಳಿಗೆ ಬಡಿಸುತ್ತ ನಗುನಗುತ್ತಲೇ ಹೇಳಿದರು, “ನಮ್ಮ ಬಾಗಲಾ ಭಾಳ ಮರ್ಯಾದಿದ್ದು ನೋಡ್ರಿ. ಯಾರರ ಬಂದ್ರ ತಾನ ತೆರದು ಬರ್ರಿ ಅಂತೈತಿ.”

ಇವರು ತಿನ್ನುವುದನ್ನು ನಿಲ್ಲಿಸಿದರು. ಎದ್ದು ಕೈ ತೊಳೆದು ಬಾಗಿಲ ಹತ್ತಿರ ಹೋದರು. ಕೊಕ್ಕೆ ಹಾಕದೆ ಬಾಗಿಲನ್ನು ಮುಚ್ಚಿ ಕೈ ಬಿಟ್ಟರು. ಅದು ಮೆಲ್ಲಗೆ ತೆರೆಯಿತು. ಮತ್ತೆ ಮುಚ್ಚಿದರು. ಮತ್ತೆ ತೆರೆಯಿತು. ಚೌಕಟ್ಟನ್ನು ಅಂಗೈಯಿಂದ ಮೇಲಿಂದ ಕೆಳಗಿನವರೆಗೆ ಸವರಿದರು.

ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ರೋಣದ ಬಸ್ಸಿಗೆ ಕಾಯುತ್ತ ನಿಂತಾಗ ಬಾಯಿ ಬಿಟ್ಟರು. “ಅವತ್ತ ನಿನಗ ಕಂಡಿತ್ತು.”

“ಹೌದ್ರಿ.”

“ನರಗುಂದದಾಗ ನೀ ಕತ್ರಿ ಹಾಕಿದಾಗ ನಾ ಗೌಂಡಿ ಇದ್ನಿ. ಇಲ್ಲಿ ಏನಾಗಿದ್ನಿ?”

ನಾಲ್ಕು ಜನರ ಮುಂದೆ ಅವರ ಮಾನ ಉಳಿಸಿದೆ ಎಂದು ನಾನು ಅಷ್ಟು ದಿನ ಅಂದುಕೊಂಡಿದ್ದೆ. ಕಣ್ಣು ಕಳೆದುಕೊಂಡವರಿಗೆ ನನ್ನ ಕಣ್ಣನ್ನು ಕೊಡಬೇಕಾದ ಹೊತ್ತಿನಲ್ಲಿ ನಾನು ಅದನ್ನು ಮುಚ್ಚಿಕೊಂಡಿದ್ದೆ.

ಎರಡು ದಿನ ಬಿಟ್ಟು ಮೈದುನನನ್ನೂ ಕರೆದುಕೊಂಡು ಮತ್ತೆ ಹೋದೆವು. ಇವರೇ ಹಿರಿಯಾಕೆಯ ಮುಂದೆ ನಿಂತು, ಚೌಕಟ್ಟು ನೆಟ್ಟಗಿಲ್ಲ, ನಾನು ನಿಲ್ಲಿಸಿದ್ದು, ನಾನೇ ತೆಗೆಯುತ್ತೇನೆ ಎಂದರು. ಹೊಸ ಮನೆಯ ಬಣ್ಣ ಬಳಿದ ಗೋಡೆಗೆ ಉಳಿ ಹಚ್ಚುವುದನ್ನು ನೋಡಿ ಆಕೆಗೆ ಸಂಕಟವಾಯಿತು, ಬಾಗಿಲು ತೆರೆದರೆ ತೆರೆಯಲಿ ಬಿಡಿ ಎಂದು ಎಷ್ಟೋ ಹೇಳಿದರು. ಇವರು ಕೇಳಲಿಲ್ಲ. ಬದಿಯ ಪ್ಲಾಸ್ಟರ್ ಬಿಡಿಸಿ ಚೌಕಟ್ಟನ್ನು ಸಡಿಲಿಸಿದರು. ಗುಂಡನ್ನು ನನ್ನ ಕೈಗೆ ಕೊಟ್ಟರು.

“ಈಗ?” ಎಂದರು.

“ಇನ್ನೂ ಒಳಗೈತಿ.”

ಮೈದುನ ಬೆಣೆ ಹೊಡೆದ. “ಈಗ?”

“ಇನ್ನೂ ಸ್ವಲ್ಪ.”

ಅವರ ಮುಖದಲ್ಲಿ ಬೇಸರ ಇರಲಿಲ್ಲ, ಗಮನ ಇತ್ತು. ಕೊನೆಗೆ ಗುಂಡು ಕಟ್ಟಿಗೆಗೆ ತಾಗಿಯೂ ತಾಗದಂತೆ ನಿಂತಿತು. ಸಿಮೆಂಟು ತುಂಬಿ, ಮರುದಿನ ಬಾಗಿಲು ಕೂರಿಸಿ ಅರ್ಧ ತೆರೆದು ಬಿಟ್ಟರು. ಬಾಗಿಲು ಅಲುಗಲಿಲ್ಲ. ಅವರು ಬಾಗಿಲನ್ನು ನೋಡದೆ ನನ್ನ ಕಡೆ ಮುಖ ಮಾಡಿದರು.

“ನಿಂತೈತ್ರಿ,” ಎಂದೆ.

“ಖರೇ?”

ಆ ಮನೆಯ ನಂತರವೂ ಅವರು ಕೆಲಸಕ್ಕೆ ಬರುತ್ತಿದ್ದರು. ನಾನು ಗುಂಡು ಹಿಡಿಯುತ್ತಿದ್ದೆ, ಅವರು ಕಟ್ಟುತ್ತಿದ್ದರು. ಆದರೆ ಆ ಒಂದು ಮಾತು ಅವರ ಬಾಯಲ್ಲಿ ಉಳಿದುಬಿಟ್ಟಿತು. ಬಸ್ಸು ಬಂತು ಎಂದರೂ, ಚಹಾಕ್ಕೆ ಸಕ್ಕರೆ ಹಾಕಿಲ್ಲ ಎಂದರೂ, “ಖರೇ?” ಎಂದು ಕೇಳುತ್ತಿದ್ದರು. ಸಿಟ್ಟಿನಿಂದ ಅಲ್ಲ, ರೂಢಿಯಿಂದ. ನಾನು ಇನ್ನೊಮ್ಮೆ ತಿರುಗಿ ನೋಡಿ, ಆಮೇಲೆ ಹೌದು ಎನ್ನುತ್ತಿದ್ದೆ.